ಸೂಜಿ ಹೊಸದು, ಸಿರಿಂಜು ಎಂಜಲು

ನಾನು ನಿವೃತ್ತಳಾದ ದಿನ ದವಾಖಾನೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, "ನಮ್ಮ ಮೇಡಂ ಬಹಳ ಶಾಂತ ಸ್ವಭಾವದವರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ" ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸಿಸ್ಟರುಗಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರಿಗೆ ಗೊತ್ತಿತ್ತು. ನಾನು ಯಾರನ್ನೂ ಬೈಯದೆ ಮನೆಗೆ ಹೋದ ದಿನಗಳು ಬೆರಳೆಣಿಕೆಯಷ್ಟು. ಇಂಜೆಕ್ಷನ್ ಕೋಣೆಯಲ್ಲಿ ನಾನು ಬಾಯಿ ತೆರೆದರೆ ಔಷಧ ಕೊಡುವ ಕಿಟಕಿಯವರೆಗೆ ಕೇಳುತ್ತಿತ್ತಂತೆ.

ಈಗ ಹೊಸದಾಗಿ ಡಾಕ್ಟರಾದ ಹುಡುಗ ಹುಡುಗಿಯರು ಸೇಡಂ ರಸ್ತೆಯ ನನ್ನ ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಯಾವ ವರ್ಷ ಬಡ್ತಿ ಸಿಕ್ಕಿತು, ಯಾವ ಮಂತ್ರಿ ಬಂದು ಹೊಗಳಿದ ಎಂಬುದು ನನಗೆ ನೆನಪಿಲ್ಲ. ಯಾವ ದಿನ ಯಾರ ಮೇಲೆ ಸಿಟ್ಟು ಬಂತು ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಅದನ್ನೇ ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆದದ್ದು ಎಂದು ತಿಳಿದೇ ಓದಿ.

ನಾನು ಹುಟ್ಟಿ ಬೆಳೆದದ್ದು ಶಹಾಬಜಾರದ ಓಣಿಯಲ್ಲಿ, ಆಚಾರ್ಯರ ಮನೆಯಲ್ಲಿ. ಒಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ಬಾಗಿಲು ದಾಟಿದರೆ ಉರ್ದು. ನಮ್ಮ ಅಜ್ಜಿಯ ಕಣ್ಣಿಗೆ ಎಂಜಲು ಎನ್ನುವುದು ಬಣ್ಣ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಬಡಿಸುವಾಗ ಸೌಟು ಉಣ್ಣುವವರ ತಟ್ಟೆಗೆ ಒಂದಿಷ್ಟು ತಾಗಿತೋ, ಆ ಸೌಟು ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಇಳಿದರೆ ಪಾತ್ರೆಯ ಸಾರೆಲ್ಲ ಎಂಜಲು. ಈ ಕಾರಣಕ್ಕೆ ನಾನು ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕಾಲೇಜು ಸೇರಿದ ಮೇಲೆ ಇದೆಲ್ಲ ಮೂಢನಂಬಿಕೆ ಎಂದು ಅಜ್ಜಿಯ ಜೊತೆ ಜಗಳವಾಡಿ ಊಟ ಬಿಟ್ಟದ್ದೂ ಇದೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕೆಲಸಕ್ಕೆ ಸೇರಿದೆ. ಊರಿನ ಹೆಸರು ಆಗಿನ್ನೂ ಗುಲ್ಬರ್ಗಾ. ಗಾಜಿನ ಸಿರಿಂಜುಗಳ ಕಾಲ. ಮುಂಜಾನೆ ಒಂದು ತಗಡಿನ ಪೆಟ್ಟಿಗೆಯಲ್ಲಿ ನೀರು ಹಾಕಿ ಸಿರಿಂಜು, ಸೂಜಿ ಎಲ್ಲ ಕುದಿಸುತ್ತಿದ್ದರು. ಹೊರಗೆ ಬೇವಿನ ಮರದವರೆಗೆ ಸಾಲು. ನಮ್ಮ ಕಡೆ ಜನರಿಗೆ ಸೂಜಿ ಬೇಕೇ ಬೇಕು. ನೆಗಡಿಗೂ ಸೂಜಿ, ನಡುನೋವಿಗೂ ಸೂಜಿ. ಗುಳಿಗೆ ಬರೆದುಕೊಟ್ಟರೆ, "ಡಾಕ್ಟರ್ ಬಾಯಾರು ಏನೂ ಮಾಡ್ಲಿಲ್ಲ, ಬರೇ ಚೀಟಿ ಕೊಟ್ರು" ಎಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಕುದಿಸಿಟ್ಟ ಸಿರಿಂಜುಗಳು ಬಿಸಿಲು ಏರುವ ಮೊದಲೇ ಮುಗಿದುಹೋಗುತ್ತಿದ್ದವು. ಆಮೇಲೆ ಏನು ಮಾಡುತ್ತಿದ್ದರು? ಒಬ್ಬರಿಗೆ ಚುಚ್ಚಿದ ಸಿರಿಂಜಿನಿಂದ ಸೂಜಿ ಕಿತ್ತು, ಬೇರೆ ಸೂಜಿ ಸಿಕ್ಕಿಸಿ, ಅದೇ ಸಿರಿಂಜಿನಲ್ಲಿ ಉಳಿದ ಔಷಧವನ್ನು ಮುಂದಿನವರಿಗೆ ಚುಚ್ಚುತ್ತಿದ್ದರು.

ಮೊದಲ ಸಲ ಇದನ್ನು ಕಂಡಾಗ ನನ್ನ ತಲೆಯಲ್ಲಿ ಪುಸ್ತಕ ಬರಲಿಲ್ಲ, ಅಜ್ಜಿಯ ಸೌಟು ಬಂತು. ಸೂಜಿ ಮೈಯೊಳಗೆ ಹೊಕ್ಕು ಹೊರಬರುವಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಗೆ ಬಂದೇ ಬರುತ್ತದೆ. ಸೂಜಿ ಬದಲಿಸಿದರೆ ಅದು ಹೋಗುತ್ತದೆಯೇ? ನಾನು ನೇರವಾಗಿ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಅವರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು.

"ಸರ್, ಒಂದೇ ಸಿರಿಂಜ್‌ದಾಗ ಎಲ್ಲಾರಿಗೂ ಚುಚ್ಚಾಕತ್ತಾರ."

"ಸೂಜಿ ಬದಲ್ ಮಾಡ್ತಾರಲ್ಲಮ್ಮ."

"ಸೂಜಿ ಬದಲ್ ಮಾಡಿದ್ರ ಏನಾತರೀ? ಸಿರಿಂಜ್ ಎಂಜಲಾ ಆಗ್ಯಾದ."

ದೊಡ್ಡ ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಾಕ್ಟರ್ ಬಾಯಿ, ಇದು ದವಾಖಾನಿ ಅದ. ನಿಮ್ಮ ಶಹಾಬಜಾರದ ಅಡಿಗಿಮನಿ ಅಲ್ಲ. ಇಲ್ಲಿ ಮಡಿ ಮೈಲಿಗಿ ನಡಿಯಂಗಿಲ್ಲ."

ಆ ಮಾತು ಇಡೀ ದವಾಖಾನೆಯಲ್ಲಿ ಹರಡಿತು. ನಾನು ಬಂದರೆ ಜೊತೆಯವರು, "ಸರೀರಿ, ಮಡೀಲೆ ಬಂದ್ರು" ಎಂದು ಚೇಷ್ಟೆ ಮಾಡುತ್ತಿದ್ದರು. ಕರೆಂಟು ಹೋಗಿ ನೀರು ಉಗುರುಬೆಚ್ಚಗೆ ಇದ್ದಾಗಲೇ ಸಿರಿಂಜು ತೆಗೆದರೆ ನಾನು ಕಿರುಚುತ್ತಿದ್ದೆ, ಅವರು ನಗುತ್ತಿದ್ದರು. ಚೇಷ್ಟೆಗೆ ನನಗೆ ಬೇಸರವಾಗಲಿಲ್ಲ. ಆ ಸಾಲಿನಲ್ಲಿ ತೋಳು ಮೇಲೆ ಮಾಡಿ ನಿಂತ ಹೆಂಗಸರು, ಮಕ್ಕಳು, ಮುದುಕರು ನಮ್ಮನ್ನು ನಂಬಿ ಬಂದಿದ್ದರಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಗ ನಮ್ಮಲ್ಲಿಗೆ ಬರುತ್ತಿದ್ದ ಕಾಮಾಲೆ ರೋಗಿಗಳಲ್ಲಿ ಕೆಲವರ ರೋಗಕ್ಕೆ ಹೆಸರೇ ಇರಲಿಲ್ಲ. ಎ ಎಂಬ ಕಾಮಾಲೆ ಅಲ್ಲ, ಬಿ ಎಂಬುದೂ ಅಲ್ಲ. ಪುಸ್ತಕದಲ್ಲಿ ಹಾಗೆಯೇ ಬರೆಯುತ್ತಿದ್ದರು, 'ಎ ಅಲ್ಲ, ಬಿ ಅಲ್ಲ' ಎಂದು. ಇದೆಂಥ ಹೆಸರು? ಹೆಸರು ಸಿಕ್ಕಿದ್ದು ಆ ದಶಕದ ಕೊನೆಗೆ: ಹೆಪಟೈಟಿಸ್ ಸಿ. ಅದರ ಪರೀಕ್ಷೆ ನಮ್ಮೂರಿಗೆ ಬಂದು ಮುಟ್ಟುವಾಗ ಇನ್ನಷ್ಟು ವರ್ಷ ಕಳೆದಿದ್ದವು. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಮೈಯೊಳಗೆ ಸೇರಿದರೆ ಬಹಳ ಜನರಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ಇಪ್ಪತ್ತು ವರ್ಷ ಸದ್ದಿಲ್ಲದೆ ಪಿತ್ತಜನಕಾಂಗದಲ್ಲಿ ಕುಳಿತು ಅದನ್ನು ಕಲ್ಲು ಮಾಡುತ್ತದೆ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ವಾಂತಿಯಾಗುತ್ತದೆ. ನಾವು ಚುಚ್ಚಿದ್ದಕ್ಕೂ ಅವರು ಸತ್ತದ್ದಕ್ಕೂ ನಡುವೆ ಇಷ್ಟು ವರ್ಷ ಇರುವುದರಿಂದ ಯಾರೂ ನಮ್ಮ ಕೊರಳಪಟ್ಟಿ ಹಿಡಿಯಲಿಲ್ಲ.

ಚಿಕಿತ್ಸೆ ಬಂದದ್ದು ತೊಂಬತ್ತರ ದಶಕದಲ್ಲಿ. ಇಂಟರ್‌ಫೆರಾನ್ ಎಂಬ ಇಂಜೆಕ್ಷನ್. ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ. ನಾನು ಮೊದಲು ಕೊಟ್ಟದ್ದು ಒಬ್ಬ ಬ್ಯಾಂಕ್ ಅಧಿಕಾರಿಗೆ. ಆತ ಹೈದರಾಬಾದಿನಿಂದ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಅದನ್ನು ತರುತ್ತಿದ್ದ. ಚುಚ್ಚಿದ ದಿನ ಸಂಜೆಗೆ ಚಳಿ ಜ್ವರ ಬಂದು ಹಾಸಿಗೆ ಗಡಗಡ ನಡುಗುತ್ತಿತ್ತು. ಕೂದಲು ಉದುರಿತು, ಮನಸ್ಸು ಮಂಕಾಯಿತು. ಇಷ್ಟಾಗಿಯೂ ಹೆಂಡತಿಗೆ ಇದು ಶಕ್ತಿಯ ಸೂಜಿ ಎಂದು ಹೇಳಿದ್ದನಂತೆ. ರಕ್ತದ ಪರೀಕ್ಷೆ ಸ್ವಲ್ಪ ಸುಧಾರಿಸಿದ ಕೂಡಲೇ ದೊಡ್ಡ ಸಾಹೇಬರು ಗುಣವಾಯಿತು ಎಂದು ಊರಿಗೆಲ್ಲ ಹೇಳಿದರು. ಔಷಧ ನಿಲ್ಲಿಸಿ ಕೆಲವು ತಿಂಗಳಿಗೆ ವೈರಸ್ ಮರಳಿ ಬಂತು. ಆ ಸುದ್ದಿಯನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಮುಂದೆ ಸೂಜಿಯ ಜೊತೆಗೆ ರೈಬಾವಿರಿನ್ ಎಂಬ ಗುಳಿಗೆ ಸೇರಿಸಿದ ಮೇಲೆ ನಿಜವಾಗಿ ಗುಣವಾಗುವವರು ಹೆಚ್ಚಾದರು. ಆದರೆ ಒಂದು ಷರತ್ತು: ಒಂದು ಸೂಜಿಯೂ ತಪ್ಪಬಾರದು, ಪ್ರಮಾಣ ಕಡಿಮೆಯಾಗಬಾರದು. ಅರೆಬರೆ ಕೊಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಈ ಷರತ್ತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಬಸಣ್ಣ ಎಂಬಾತ ಹುಮನಾಬಾದ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ. ಅಪಘಾತದಲ್ಲಿ ಅವನ ಕಾಲು ಮುರಿದು ಆಪರೇಷನ್ನಿಗೆ ರಕ್ತ ಬೇಕಾಯಿತು. ಅವನಿಗೆ ಒಬ್ಬಳೇ ತಂಗಿ, ಶರಣಮ್ಮ, ಕಮಲಾಪುರಕ್ಕೆ ಕೊಟ್ಟಿದ್ದರು. ಸುದ್ದಿ ಕೇಳಿ ಬಸ್ಸು ಹತ್ತಿ ಓಡಿಬಂದು ತೋಳು ಚಾಚಿದಳು. ಆಗಷ್ಟೇ ರಕ್ತನಿಧಿಯಲ್ಲಿ ಸಿ ಪರೀಕ್ಷೆ ಶುರುವಾಗಿತ್ತು. ಆಕೆಯ ರಕ್ತ ಬೇಡ ಎಂದು ಹೇಳಿ ನನ್ನ ಹತ್ತಿರ ಕಳಿಸಿದರು.

"ನನ್ನ ರಕ್ತದಾಗ ಏನಾಗ್ಯಾದ್ರೀ ಬಾಯಾರ?" ಎಂದು ಕೇಳಿದಳು. ಮೂವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಅತ್ತೆ ಸೊಸೆ ಸೇರಿ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ರಕ್ತ ಹಾಕಿಸಿಕೊಂಡದ್ದಿಲ್ಲ, ಆಪರೇಷನ್ ಆದದ್ದಿಲ್ಲ. ಸೂಜಿ?

"ಅಯ್ಯ, ಸೂಜಿ ಎಷ್ಟಾರ ಹಾಕಿಸ್ಕೊಂಡೀನ್ರೀ. ನಮ್ಮೂರಾಗ ಗುಂಡಪ್ಪ ಡಾಕ್ಟರ್ ಸಾಬ್ ಅದಾರಲ್ಲ. ಜೀವ ಬ್ಯಾಸರಾದ್ರೂ ಸೂಜಿ ಹಾಕ್ತಾರ."

ಈ ಗುಂಡಪ್ಪ ಡಾಕ್ಟರನಲ್ಲ. ನಮ್ಮಂಥದೇ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು, ಕಮಲಾಪುರದಲ್ಲಿ ಒಂದು ಕೋಣೆ, ಒಂದು ಬೆಂಚು ಹಾಕಿಕೊಂಡು ಕುಳಿತಿದ್ದ. ಅವನನ್ನು ನೋಡದೆಯೇ ನಾನು ಬೈಯಲು ಮಾತು ಜೋಡಿಸಿಟ್ಟುಕೊಂಡಿದ್ದೆ. ನೋಡಿದರೆ ಆಸಾಮಿ ದೇವರಂಥವನು. ಬಡವರ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ. ಕರೆದರೆ ಉಣ್ಣುವ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಶರಣಮ್ಮನಿಗೆ ಆರು ತಿಂಗಳ ಚಿಕಿತ್ಸೆ ಸಾಕು ಎಂದು ಪರೀಕ್ಷೆಯಿಂದ ಗೊತ್ತಾಯಿತು. ಔಷಧ ಸರಕಾರಿ ದವಾಖಾನೆಗಳಲ್ಲಿ ಸಿಗುತ್ತಿರಲಿಲ್ಲ, ಹೊರಗೆ ಕೊಳ್ಳಬೇಕಿತ್ತು. ಬೆಲೆ ಕೇಳಿದರೆ ಎದೆ ಒಡೆಯುವಂತಿತ್ತು. ಬಸಣ್ಣ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡೇ ಹೇಳಿದ: "ನನಗ ರಕ್ತ ಕೊಡಾಕ ಬಂದಾಕಿ ಅದಾಳ್ರೀ ಆಕಿ. ಗ್ಯಾರೇಜ್ ಹೋದ್ರ ಹೋಗ್ಲಿ. ಔಷಧ ತರೂದು ನನ್ನ ಮ್ಯಾಲ."

ವಾರಕ್ಕೆ ಮೂರು ಸಲ ಜ್ವರದ ಮೈಯಲ್ಲಿ ಕಲಬುರಗಿಗೆ ಬಸ್ಸಿನಲ್ಲಿ ಬಂದುಹೋಗುವುದು ಆಗದ ಮಾತು. ಊರಲ್ಲಿ ದಿನವೂ ಸಿಗುವ, ಸೂಜಿ ಹಾಕಬಲ್ಲವನು ಗುಂಡಪ್ಪನೊಬ್ಬನೇ. ರೋಗ ಕೊಟ್ಟ ಕೈಯಿಂದಲೇ ಔಷಧ ಕೊಡಿಸಬೇಕಾದ ನನ್ನ ಗತಿ ನೋಡಿ. ಅವನನ್ನು ಕರೆಸಿ, ಬಳಸಿ ಬಿಸಾಡುವ ಸಿರಿಂಜುಗಳ ಕಟ್ಟು ಕೊಟ್ಟು, ಒಂದು ಸೂಜಿಗೆ ಒಂದು ಹೊಸ ಸಿರಿಂಜು ಎಂದು ಮಗುವಿಗೆ ಹೇಳುವಂತೆ ಹೇಳಿದೆ. ಔಷಧದ ಸೀಸೆಗಳನ್ನು ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯವನ ಫ್ರಿಜ್ಜಿನಲ್ಲಿ ಇಡಿಸಿದೆವು. ಕೈಮುಗಿದು, "ನೀವು ಹೇಳಿದಂಗ ಮಾಡ್ತೇನ್ರೀ ಮೇಡಂ" ಎಂದು ಗುಂಡಪ್ಪ ಹೋದ.

ಮೊದಲ ಸೂಜಿಗೇ ಶರಣಮ್ಮನಿಗೆ ಜ್ವರ ಬಂತು. ಬರಬೇಕಾದದ್ದೇ. ಎರಡು ತಿಂಗಳು ಒಂದೂ ತಪ್ಪದೆ ನಡೆಯಿತು. ಆ ಹೊತ್ತಿಗೆ ಕಮಲಾಪುರದಲ್ಲಿ ಒಂದು ಆರೋಗ್ಯ ಶಿಬಿರ ನಡೆಸಿದೆವು. ಮಧ್ಯಾಹ್ನ ನಾನು ಆಕೆಯ ಮನೆಗೆ ಹೋದೆ. ಬಾಗಿಲ ಹೊರಗೆ, ಗೋಡೆಯ ಮೊಳೆಗೆ, ಒಂದು ಗಂಗಾಳ ನೇತುಹಾಕಿತ್ತು. ಊಟದ ತಟ್ಟೆ ಹೊರಗೆ ಯಾಕೆ ಎಂದು ಕೇಳಿದೆ.

ಉತ್ತರ ಕೊಟ್ಟದ್ದು ಶರಣಮ್ಮನ ಅತ್ತೆ ನಾಗಮ್ಮ. "ಆಕಿದ ರೀ ಅದು. ಅಂಟು ಬ್ಯಾನಿ ಅಂದ್ರಲ್ರೀ. ಎಂಜಲದಾಗ ಹತ್ತತದ. ಅದಕ್ಕ ಆಕಿದು ಗಂಗಾಳ ಬ್ಯಾರೆ, ಚರಗಿ ಬ್ಯಾರೆ, ಪಡಸಾಲ್ಯಾಗ ಹಾಸಿಗಿ ಬ್ಯಾರೆ."

ಅಷ್ಟೊತ್ತಿಗೆ ನನಗೆ ಅರ್ಥವಾಯಿತು. ಔಷಧ ತಿಂದು ಜ್ವರದಲ್ಲಿ ನರಳುವ ಹೆಂಗಸು ಎರಡು ತಿಂಗಳಿಂದ ಹೊರಗೆ ಕುಳಿತು ಒಬ್ಬಳೇ ಉಣ್ಣುತ್ತಿದ್ದಳು. ಊರಿಗೆ ಊರೇ ಒಂದು ಸಿರಿಂಜಿಗೆ ತೋಳು ಕೊಡುತ್ತಿತ್ತು, ಅದರಲ್ಲಿ ಯಾರಿಗೂ ಎಂಜಲು ಕಾಣಲಿಲ್ಲ. ತಟ್ಟೆಯಿಂದ ಎಂದೂ ಹರಡದ ರೋಗಕ್ಕೆ ತಟ್ಟೆ ಬೇರೆ ಮಾಡಿದ್ದರು. ನನಗೆ ತಲೆ ಕೆಟ್ಟುಹೋಯಿತು. ಮೊಳೆಯಿಂದ ಆ ಗಂಗಾಳ ಕಿತ್ತುಕೊಂಡು ಒಳಗೆ ಹೋಗಿ, ಕುಳಿತು, "ನೀಡ್ರಿ ಇದರಾಗ. ನನಗ ಹಸಿವಾಗ್ಯಾದ" ಎಂದೆ.

ನಾಗಮ್ಮ ಹೌಹಾರಿದಳು. "ಅಯ್ಯ ನಮ್ಮವ್ವ! ಆಚಾರ್ರ ಮಗಳಿದ್ದೀರಿ, ನಮ್ಮ ಮನ್ಯಾಗ ಉಣ್ಣೂದ ಒಂದು ದೊಡ್ಡದು. ಅದೂ ಆಕಿ ಗಂಗಾಳದಾಗ! ನನಗ ಪಾಪ ಹತ್ತತದರೀ!"

"ಎಂಜಲ ಇದರಾಗ ಇಲ್ಲ ನಾಗಮ್ಮ. ನಿಮ್ಮ ಗುಂಡಪ್ಪನ ಸಿರಿಂಜ್‌ದಾಗ ಅದ. ಒಬ್ಬಾಕಿ ಮೈಯಾಗಿನ ರಕ್ತ ಇನ್ನೊಬ್ಬಾಕಿ ಮೈಯಾಗ ಹಾಕ್ಯಾನ. ಅದಕ್ಕಿಂತ ದೊಡ್ಡ ಎಂಜಲ ಯಾವುದದ ಹೇಳು."

ಜೋಳದ ರೊಟ್ಟಿ, ಪುಂಡಿಪಲ್ಲೆ ಸುಮ್ಮನೆ ತಿಂದು ಮುಗಿಸಿದೆ. ನಾಗಮ್ಮ ಪಕ್ಕದಲ್ಲಿ ನಿಂತು ಕಣ್ಣೀರು ಹಾಕಿದಳು, ರೋಗದ ವಿಷಯಕ್ಕಲ್ಲ, ನನ್ನ ಜಾತಿ ಕೆಟ್ಟಿತು ಎಂದು. ನಾನು ಓಣಿ ತಿರುಗುವಾಗ ಹಿಂತಿರುಗಿ ನೋಡಿದೆ. ಗಂಗಾಳವನ್ನು ಬೂದಿ ಹಾಕಿ ತಿಕ್ಕಿ ಅದೇ ಮೊಳೆಗೆ ನೇತುಹಾಕುತ್ತಿದ್ದಳು.

ಆ ದಿನ ಶಿಬಿರದಲ್ಲಿ ಮನೆಯವರ ರಕ್ತವನ್ನೂ ತೆಗೆದುಕೊಂಡಿದ್ದೆ. ಫಲಿತಾಂಶ ಬಂತು. ನಾಗಮ್ಮನ ಮೈಯಲ್ಲೂ ಅದೇ ವೈರಸ್. ಅವಳ ಪಿತ್ತಜನಕಾಂಗ ಸೊಸೆಯದಕ್ಕಿಂತ ಎಷ್ಟೋ ಹೆಚ್ಚು ಕೆಟ್ಟಿತ್ತು. ಅಂದರೆ ಎಂದೋ ಹಿಡಿದದ್ದು. ಶರಣಮ್ಮನ ಗಂಡ ರೇವಪ್ಪನಿಗೆ ಏನೂ ಇರಲಿಲ್ಲ. ಅವನು ಚಿಕ್ಕಂದಿನಿಂದ ಸೂಜಿ ಕಂಡರೆ ಓಡಿಹೋಗುತ್ತಿದ್ದನಂತೆ. ಹೇಡಿತನದಿಂದಲೇ ಬಚಾವಾದ ಮನುಷ್ಯನನ್ನು ನಾನು ಅವನೊಬ್ಬನನ್ನೇ ನೋಡಿದ್ದು.

ಫಲಿತಾಂಶ ಹೇಳಿದ ವಾರಕ್ಕೇ ರೇವಪ್ಪ ನನ್ನ ಮುಂದೆ ಬಂದು ಕುಳಿತ. "ಮೇಡಂ, ನಮ್ಮವ್ವ ದೊಡ್ಡಾಕಿ. ಉಳಿದಿದ್ದು ಔಷಧ ಆಕಿಗೆ ಕೊಡ್ರಿ. ಇಲ್ಲಾಂದ್ರ ಇಬ್ರಿಗೂ ಅರ್ಧ ಅರ್ಧ ಮಾಡ್ರಿ."

"ಅದು ರೊಟ್ಟಿ ಏನಪ್ಪ, ಮುರದು ಹಂಚಾಕ? ಅರ್ಧ ಕೊಟ್ರ ಇಬ್ರಿಗೂ ಗುಣ ಆಗಂಗಿಲ್ಲ. ನಿಮ್ಮವ್ವಗ ಬೇಕಂದ್ರ ನೀನು ಬ್ಯಾರೆ ತಗೊಂಡು ಬಾ. ಹೆಂಡ್ತಿ ಅಣ್ಣ ತಂದ ಔಷಧದ ಮ್ಯಾಲ ಯಾಕ ಕಣ್ಣು?"

ಬಾಯಿಗೆ ಬಂದಂತೆ ಬೈದು ಕಳಿಸಿದೆ. ಆಮೇಲೆ ಮೇಲಿನವರ ಹತ್ತಿರ ಹೋದೆ. ದೊಡ್ಡ ಸಾಹೇಬರು ನಿವೃತ್ತರಾಗಿ ಹೊಸ ಸಾಹೇಬರು ಬಂದಿದ್ದರು. ಓದಿಕೊಂಡ, ಮೃದು ಮಾತಿನ ಮನುಷ್ಯ. ಇಂಥ ರೋಗಿಗಳಿಗೆ ಔಷಧವನ್ನು ದವಾಖಾನೆಯೇ ಕೊಳ್ಳಬೇಕು ಎಂದೆ. ಇದು ಸರಕಾರಿ ಖರೀದಿಯಲ್ಲಿಲ್ಲ, ಇಷ್ಟು ದುಬಾರಿ ಔಷಧ ದೊಡ್ಡ ಊರಿನವರಿಗೆ ಎಂದರು ಅವರು.

"ಈ ಬ್ಯಾನಿ ಕೊಟ್ಟವರು ನಾವ ಸರ್. ನಮ್ಮಂಥ ದವಾಖಾನಿ, ನಮ್ಮ ಕಡಿಂದ ಕಲ್ತು ಹೋದ ಕಂಪೌಂಡರು."

"ಅದಕ್ಕ ಪುರಾವೆ ಏನದ ಮೇಡಂ?"

ಪುರಾವೆ ನನ್ನ ಹತ್ತಿರ ಇರಲಿಲ್ಲ. ಗಾಜಿನ ಸಿರಿಂಜುಗಳು ಎಂದೋ ಗುಜರಿಗೆ ಹೋಗಿದ್ದವು. ಬಾಗಿಲು ಧಡಾರನೆ ಹಾಕಿಕೊಂಡು ಹೊರಗೆ ಬಂದೆ. ಸಂಜೆ ಕೋಟೆಯ ಮಗ್ಗುಲಲ್ಲಿ ನಡೆದುಕೊಂಡು ಹೋಗುವಾಗ ಅಳು ಬಂತು. ಜನ ನೋಡುತ್ತಾರೆ ಎಂದು ಧೂಳು ಬಿದ್ದವಳಂತೆ ಕಣ್ಣು ಉಜ್ಜಿಕೊಂಡೆ.

ಶರಣಮ್ಮ ತಿಂಗಳಿಗೊಮ್ಮೆ ತೋರಿಸಿಕೊಳ್ಳಲು ಬರುತ್ತಿದ್ದಳು. ಮುಂದಿನ ಸಲ ಬಂದವಳ ಮುಖದಲ್ಲಿ ಕಳೆ ಇತ್ತು. "ಈಗ ಜ್ವರ ಭಾಳ ಕಡಿಮಿ ಆಗ್ಯಾವ್ರೀ ಬಾಯಾರ" ಎಂದಳು. ಮೈ ಒಗ್ಗಿಕೊಂಡರೆ ಜ್ವರ ಕಡಿಮೆಯಾಗುವುದುಂಟು. ಜೊತೆಗಿದ್ದ ಕಿರಿಯ ಡಾಕ್ಟರು ಶುಭ ಸೂಚನೆ ಎಂದ. ನನಗೆ ಸಮಾಧಾನವಾಗಲಿಲ್ಲ. ಕುಸಿದಿದ್ದ ಬಿಳಿ ರಕ್ತಕಣಗಳು ಮೇಲೇರಿದ್ದವು. ಇಳಿದಿದ್ದ ಪಿತ್ತಜನಕಾಂಗದ ಬಾಧೆ ಮತ್ತೆ ಹೆಚ್ಚುತ್ತಿತ್ತು. ಔಷಧ ಮೈಗೆ ಸರಿಯಾಗಿ ಹೋಗುತ್ತಿಲ್ಲ ಎಂದು ಎರಡೂ ಹೇಳುತ್ತಿದ್ದವು. ಫ್ರಿಜ್ಜು ಕೆಟ್ಟಿತೇ? ಸೂಜಿ ತಪ್ಪಿಸಿದಳೇ? ಕಿರಿಯವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿ ಕೇಳಿದೆ.

"ನಿನ್ನ ಗಂಡ ಏನಾರ ಔಷಧ ಕಸಗೊಂಡನೇನು? ಖರೇ ಹೇಳು."

"ಇಲ್ರೀ, ಅವರಿಗೆ ಗೊತ್ತಿಲ್ಲ." ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಾನ ಗುಂಡಪ್ಪಗ ಹೇಳೀನ್ರೀ. ಅರ್ಧ ನನಗ, ಅರ್ಧ ಅತ್ತಿಗೆ."

ಚೀಟಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

"ತನಗೂ ಅದೇ ಬ್ಯಾನಿ ಅದ ಅಂತ ತಿಳದ ದಿನ ಅತ್ತಿ ನನ್ನ ಗಂಗಾಳ ಮೊಳಿ ಮ್ಯಾಲಿಂದ ತಗದು ಒಳಗ ತಂದ್ರೀ. 'ಬಾ, ಕೂಡೇ ಉಣ್ಣೂನು' ಅಂದ್ರು. ಅವತ್ತಿಂದ ಇಬ್ರೂ ಒಂದೇ ಗಂಗಾಳದಾಗ ಉಣ್ಣಾಕತ್ತೀವಿ. ಮದುವ್ಯಾಗಿ ಬಂದಾಗಿಂದ ನನಗ ಹಂಗ ಯಾರೂ ಕರದಿದ್ದಿಲ್ರೀ. ಒಂದೇ ಗಂಗಾಳದಾಗ ಉಂಡು, ಔಷಧ ನಾನೊಬ್ಬಾಕೀನ ಹ್ಯಾಂಗ ತಗೋಳ್ಳಿ?"

ಇಷ್ಟು ವರ್ಷದ ನೌಕರಿಯಲ್ಲಿ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತದ್ದು ಅದೊಂದೇ ಸಲ. ಅವಳ ಕೈಹಿಡಿದು ಎಳೆದುಕೊಂಡೇ ಕಮಲಾಪುರದ ಬಸ್ಸು ಹತ್ತಿದೆ. ಮೊದಲು ಗುಂಡಪ್ಪನ ಕೋಣೆಗೆ ನುಗ್ಗಿದೆ. ಒಂದೇ ಸೀಸೆಯನ್ನು ಒಂದೇ ಸಿರಿಂಜಿಗೆ ಎಳೆದು, ಸೊಸೆಗೆ ಅರ್ಧ ಚುಚ್ಚಿ, ಉಳಿದರ್ಧ ಅತ್ತೆಗೆ ಚುಚ್ಚುತ್ತಿದ್ದನಂತೆ. ನಾನು ಉಸಿರು ಕಟ್ಟಿ ಬೈಯುತ್ತಿದ್ದರೆ ಆತ ಗಾಬರಿಯಿಂದ, ಆದರೆ ಸ್ವಲ್ಪ ಹೆಮ್ಮೆಯಿಂದ ಹೇಳಿದ:

"ಸೂಜಿ ಬದಲ್ ಮಾಡೀನ್ರೀ ಮೇಡಂ! ದೇವರಾಣಿ, ಒಂದ ಸಲಾನೂ ತಪ್ಪಿಲ್ಲ!"

ನನ್ನ ದೊಡ್ಡ ಸಾಹೇಬರ ಮಾತು, ಇಪ್ಪತ್ತು ವರ್ಷ ತಡವಾಗಿ, ಈ ಕೋಣೆಯಲ್ಲಿ ಇನ್ನೂ ಜೀವಂತವಾಗಿತ್ತು. ಅವನ ಟೇಬಲ್ಲಿನ ಮೇಲಿದ್ದ ಬಳಸಿದ ಸಿರಿಂಜುಗಳನ್ನೆಲ್ಲ ಅವನ ಕಣ್ಣೆದುರೇ ಮುರಿದೆ. ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿಕೋ ಎಂದೆ. ಅವನು ತಲೆಯಾಡಿಸಿದ. ಮಾಡಿಸಿಕೊಳ್ಳಲಿಲ್ಲ, ಹೆದರಿದ.

ನಾಗಮ್ಮನಿಗೆ ತಾನು ಹಾಕಿಸಿಕೊಳ್ಳುತ್ತಿರುವುದು ಏನೆಂದೇ ಗೊತ್ತಿರಲಿಲ್ಲ. ಶಕ್ತಿಯ ಸೂಜಿ ಎಂದು ಸೊಸೆ ಹೇಳಿದ್ದಳು. ಮನೆಯ ಬಾಗಿಲಲ್ಲಿ ನಿಂತೇ ನಾನು ಎಲ್ಲ ಹೇಳಿಬಿಟ್ಟೆ, ಮೆತ್ತಗೆ ಹೇಳುವ ತಾಳ್ಮೆ ಇರಲಿಲ್ಲ. ಅರ್ಧ ಔಷಧದಲ್ಲಿ ಸೊಸೆಯೂ ಉಳಿಯುವುದಿಲ್ಲ, ನೀನೂ ಉಳಿಯುವುದಿಲ್ಲ ಎಂದೆ. ಪೂರ್ತಿ ಕೊಟ್ಟರೂ ನಿನ್ನ ಮೈ ತಡೆಯುವುದು ಕಷ್ಟ ಎಂದೂ ಹೇಳಿದೆ, ಅದು ನಿಜವಾಗಿತ್ತು.

ಮುದುಕಿ ಸೊಸೆಯ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಎದ್ದು ಒಳಗೆ ಹೋಗಿ ಒಂದು ಗಂಗಾಳ ತಂದು ಹೊರಗಿನ ಮೊಳೆಗೆ ನೇತುಹಾಕಿದಳು. ಶರಣಮ್ಮ, "ನನ್ನ ಮ್ಯಾಲ ಸಿಟ್ಟಾದ್ರಿ?" ಎಂದು ಅಳತೊಡಗಿದಳು.

"ನಿಂದಲ್ಲ ಅದು, ನಂದು" ಎಂದಳು ನಾಗಮ್ಮ. "ಇವತ್ತಿಂದ ನನ್ನ ಗಂಗಾಳ ಬ್ಯಾರೆ. ಕೂಡೇ ಉಂಡ್ರ ನೀ ನನಗ ಪಾಲು ಕೊಡಾಕ ಬರ್ತಿ. ಬ್ಯಾರೆ ಉಂಡ್ರ ನಿಂದು ನೀ ತಗೋತಿ."

ಎಂಜಲಿನಿಂದ ರೋಗ ಬರುವುದಿಲ್ಲ, ಗಂಗಾಳ ಒಳಗೆ ತಾ ಎಂದು ನಾನು ಕೂಗಾಡಿದೆ. "ಗೊತ್ತದರೀ ಬಾಯಾರ, ನೀವ ಉಂಡು ತೋರಿಸೀರಲ್ಲ" ಎಂದಳು. ಗಂಗಾಳ ಮಾತ್ರ ತೆಗೆಯಲಿಲ್ಲ.

ಬಸಣ್ಣ ಕಡಿಮೆ ಬಿದ್ದ ಔಷಧವನ್ನು ಮತ್ತೆ ತಂದ. ಚಿಕಿತ್ಸೆಯನ್ನು ಮೊದಲಿನಿಂದ ಎಣಿಸಿದೆವು. ಈ ಸಲ ಸೂಜಿ ಹಾಕಿಸುವಾಗ ನಾಗಮ್ಮ ಬೆಂಚಿನ ಪಕ್ಕದಲ್ಲೇ ನಿಲ್ಲುತ್ತಿದ್ದಳಂತೆ; ಸಿರಿಂಜಿನ ಹೊಸ ಕವರನ್ನು ಕಣ್ಣೆದುರೇ ಹರಿದರೆ ಮಾತ್ರ ಸೊಸೆಯ ತೋಳು ಮುಂದೆ ಬರಬೇಕು. ಬೇರೆಯವರಿಗೂ ಹಾಗೇ ಮಾಡಬೇಕೆಂದು ಗುಂಡಪ್ಪನಿಗೆ ಗಂಟು ಬಿದ್ದಳು. "ಎಂಜಲ ಸಿರಿಂಜ್ ಹಾಕ್ತಿಯೇನೋ?" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಿದ್ದಳಂತೆ. ನಾನು ಶಿಬಿರಗಳಲ್ಲಿ ಚಿತ್ರ ತೋರಿಸಿ ಹೇಳಿದ್ದು ಯಾರ ತಲೆಗೂ ಹೋಗಿರಲಿಲ್ಲ. ಈ ಒಂದು ಮಾತು ಊರಿಗೆಲ್ಲ ತಿಳಿಯಿತು. ಚಿಕಿತ್ಸೆ ಮುಗಿದು ಆರು ತಿಂಗಳ ಮೇಲೆ ಶರಣಮ್ಮನ ರಕ್ತದಲ್ಲಿ ವೈರಸ್ ಇರಲಿಲ್ಲ. ಮುಂದೆಯೂ ಬರಲಿಲ್ಲ.

ನಾಗಮ್ಮ ಕೆಲವು ವರ್ಷ ಬದುಕಿದಳು. ಹೊಟ್ಟೆಯಲ್ಲಿ ನೀರು ತುಂಬಿ ನಮ್ಮ ವಾರ್ಡಿಗೆ ಬಂದಾಗಲೂ ತನ್ನ ಗಂಗಾಳ ಜೊತೆಗೆ ತಂದಿದ್ದಳು. ರಕ್ತ ವಾಂತಿಯಾಗಿ ಹೋದಳು. ಸರಕಾರಿ ಖರೀದಿಯಲ್ಲಿ ಆಗಲೂ ಆ ಔಷಧ ಇರಲಿಲ್ಲ.

ಈಗ ಸೂಜಿಯೇ ಬೇಡ. ಗುಳಿಗೆ, ಮೂರು ತಿಂಗಳು. ಜ್ವರವಿಲ್ಲ, ಕೂದಲು ಉದುರುವುದಿಲ್ಲ, ಹೆಚ್ಚುಕಡಿಮೆ ಎಲ್ಲರಿಗೂ ಗುಣವಾಗುತ್ತದೆ. ಸರಕಾರವೇ ಪುಕ್ಕಟೆ ಕೊಡುತ್ತದೆ. ಹೊಸ ಡಾಕ್ಟರುಗಳಿಗೆ ಇದು ಯಾವ ದೊಡ್ಡ ಸಂಗತಿಯೂ ಅಲ್ಲ, ಬರೆದುಕೊಟ್ಟು ಮುಂದಿನ ರೋಗಿಯನ್ನು ಕರೆಯುತ್ತಾರೆ. ಹಾಗೇ ಇರಬೇಕು. ಆದರೆ ಸಿರಿಂಜಿನ ಕವರನ್ನು ರೋಗಿಯ ಕಣ್ಣೆದುರೇ ಹರಿಯಿರಿ. ಹರಿಯದವರನ್ನು ಕಂಡರೆ ನಾಚಿಕೆ ಬಿಟ್ಟು ಬೈಯಿರಿ, ಶಾಲು ಹೊದಿಸುವ ದಿನ ಏನಾದರೂ ಹೇಳಿಕೊಳ್ಳಲಿ.

ಹೋದ ವರ್ಷ ಶರಣಮ್ಮ ಕೆಂಪು ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಮನೆಗೆ ಬಂದಿದ್ದಳು. ಮಾತಿಗೆ ಮಾತು ಬಂದು, ಈಗಿನ ಗುಳಿಗೆಯ ವಿಷಯ ಹೇಳಿದೆ. ಅವಳು ಗೊನೆಯಿಂದ ಒಂದು ಹಣ್ಣು ಕಿತ್ತು ಸುಲಿಯತೊಡಗಿದಳು.

"ಒಂದ ಮನ್ಯಾಗ ಇಬ್ರಿಗೆ ಬ್ಯಾನಿ ಇದ್ರ?"

"ಇಬ್ರಿಗೂ ಕೊಡ್ತಾರ."

"ಇಬ್ರಿಗೂ ಪೂರಾ? ಹಂಚ್ಕೊಳ್ಳೂದು ಬ್ಯಾಡ?"

"ಬ್ಯಾಡ."

ಶರಣಮ್ಮ ಸುಲಿದ ಹಣ್ಣನ್ನು ಬಾಯಿಗೆ ಇಡದೆ ಕೈಯಲ್ಲೇ ಹಿಡಿದುಕೊಂಡು ಕುಳಿತಳು. "ಹಂಗಾದ್ರ ಅತ್ತಿ ಒಳಗ ಕುಂತು ಉಣಬಹುದಿತ್ತಲ್ರೀ" ಎಂದಳು.